ಹೆಸರು ಐದು, ವಿಮಾನ ಮೂರು: ಸೋವಿಯತ್ ಯಾಕ್‌ಗಳ ಗೊಂದಲ

ಪ್ರಶ್ನೆ: ಹಳೆಯ ವಿಮಾನ ಪುಸ್ತಕವೊಂದರಲ್ಲಿ ಸೋವಿಯತ್ ಹಡಗಿನ ಮೇಲಿನ ಜೆಟ್‌ಗೆ ‘ಯಾಕ್-36 ಫೋರ್ಜರ್’ ಅಂತ ಹಾಕಿದ್ದಾರೆ. ಪ್ಲಾಸ್ಟಿಕ್ ಮಾಡೆಲ್ ಡಬ್ಬದ ಮೇಲೆ ಅದೇ ವಿಮಾನಕ್ಕೆ ಯಾಕ್-38 ಅಂತಿದೆ. ಇಂಟರ್‌ನೆಟ್‌ನಲ್ಲಿ ಯಾಕ್-36 ಹುಡುಕಿದರೆ ಮೂತಿ ತೆರೆದುಕೊಂಡ ಬೇರೆಯೇ ವಿಮಾನ ಬರುತ್ತದೆ. ಯಾಕ್-41, ಯಾಕ್-141 ಎರಡೂ ಒಂದೇನಾ? ಎಫ್-35 ಅದರ ನಕಲು ಅನ್ನುವುದು ನಿಜವಾ? ಇನ್ನೊಂದು, ‘ನೇರವಾಗಿ ಮೇಲೇರುವ ಮಿಗ್’ ಅಂತ ತ್ರಿಕೋನ ರೆಕ್ಕೆಯ ವಿಮಾನದ ಫೋಟೊ ಸಿಕ್ಕಿದೆ, ಅದು ಯಾವುದು? — ಕಾರವಾರದ ಓದುಗರು

ಉತ್ತರ: ನಿಮ್ಮ ಪುಸ್ತಕವೂ ಸರಿ, ಡಬ್ಬವೂ ಸರಿ, ಇಂಟರ್‌ನೆಟ್ ತೋರಿಸಿದ ಫೋಟೊವೂ ಸರಿ. ಪುಸ್ತಕ ಮಾತ್ರ ತನ್ನ ಕಾಲಕ್ಕೆ ಸರಿ. ಸೋವಿಯತ್ ವಿಮಾನ ವಿನ್ಯಾಸ ಸಂಸ್ಥೆ ಯಾಕೊವ್ಲೆವ್ (‘ಯಾಕ್’ ಅನ್ನುವುದು ಅದರ ಚುಟುಕು ಹೆಸರು) ನಿಜವಾಗಿ ಕಟ್ಟಿ ಹಾರಿಸಿದ, ನಿಂತಲ್ಲಿಂದಲೇ ಮೇಲೇರುವ ಜೆಟ್‌ಗಳು ಮೂರೇ. ಅವಕ್ಕೆ ಐದು ಹೆಸರು ಅಂಟಿಕೊಂಡಿವೆ. ಗುಟ್ಟಿನ ಹೆಸರುಗಳನ್ನೂ ಸೇರಿಸಿದರೆ ಇನ್ನೂ ಜಾಸ್ತಿ.

ಮೊದಲು ಈ ಹೆಸರು ಇಡುವವರು ಯಾರು ಅಂತ ನೋಡಬೇಕು. ಸೋವಿಯತ್ ವಿಮಾನವೊಂದಕ್ಕೆ ವಿನ್ಯಾಸ ಸಂಸ್ಥೆ ತನ್ನದೊಂದು ಹೆಸರು ಕೊಡುತ್ತಿತ್ತು. ಕಾಗದಪತ್ರಗಳಲ್ಲಿ ಓಡಾಡಲು ಅದಕ್ಕೆ ‘ಇಜ್ದೆಲಿಯೆ’ ಅನ್ನುವ ಒಂದು ಗುಪ್ತ ಗುರುತು ಇರುತ್ತಿತ್ತು. ಸೇನೆ ಅದನ್ನು ಸೇವೆಗೆ ಸೇರಿಸಿಕೊಳ್ಳುವಾಗ ಬೇರೆ ಸಂಖ್ಯೆ ಬಂದರೂ ಬರಬಹುದು. ಇದ್ಯಾವುದನ್ನೂ ಸೋವಿಯತ್ ಸರ್ಕಾರ ಹೊರಗೆ ಹೇಳುತ್ತಿರಲಿಲ್ಲ. ಹಾಗಾಗಿ ನ್ಯಾಟೊ ಕಡೆಯವರು ತಮ್ಮದೇ ಅಡ್ಡಹೆಸರು ಇಟ್ಟುಕೊಂಡರು. ಫೈಟರ್ ಆದರೆ ಇಂಗ್ಲಿಷಿನ ಎಫ್ ಅಕ್ಷರದಿಂದ ಶುರುವಾಗುವ ಪದ: ಫ್ರೀಹ್ಯಾಂಡ್, ಫೋರ್ಜರ್, ಫ್ರೀಸ್ಟೈಲ್. ಅಡ್ಡಹೆಸರಿನ ಜೊತೆಗೆ ಒಂದು ಸಂಖ್ಯೆಯೂ ಬೇಕಲ್ವಾ, ಅದನ್ನು ಸಿಕ್ಕ ಸುಳಿವಿನ ಮೇಲೆ ಅಂದಾಜು ಮಾಡುತ್ತಿದ್ದರು. ನಿಮ್ಮ ಪುಸ್ತಕದ ‘ಯಾಕ್-36’ ಬಂದಿದ್ದು ಹಾಗೆ.

ಈಗ ಮೊದಲನೆಯ ವಿಮಾನ, ನಿಜವಾದ ಯಾಕ್-36. ಇದು ಯುದ್ಧಕ್ಕೆ ಅಂತ ಮಾಡಿದ್ದಲ್ಲ, ನಿಂತಲ್ಲೇ ಮೇಲೇರಿ ಮುಂದಕ್ಕೆ ಹಾರಿ ಮತ್ತೆ ನಿಂತಲ್ಲೇ ಇಳಿಯಲು ಆಗುತ್ತದಾ ಅಂತ ನೋಡಲು ಮಾಡಿದ ಪ್ರಯೋಗದ ಯಂತ್ರ. ಮೂತಿಯಲ್ಲಿ ದೊಡ್ಡ ಬಾಯಿ, ಅದರ ಹಿಂದೆ ಅಕ್ಕಪಕ್ಕ ಎರಡು ಜೆಟ್ ಎಂಜಿನ್. ಅವುಗಳ ಬಿಸಿ ಗಾಳಿ ಹೊರಬರುವ ನಾಜಲ್‌ಗಳು ವಿಮಾನದ ತೂಕದ ಮಧ್ಯಬಿಂದುವಿನ ಹತ್ತಿರ, ಹೊಟ್ಟೆಯ ಕೆಳಗೆ. ನಾಜಲ್ ಕೆಳಕ್ಕೆ ತಿರುಗಿಸಿದರೆ ಮೇಲೇರುತ್ತದೆ, ಹಿಂದಕ್ಕೆ ತಿರುಗಿಸಿದರೆ ಮುಂದೆ ಹೋಗುತ್ತದೆ. ಮೂತಿಯಿಂದ ಮುಂದಕ್ಕೆ ಚಾಚಿದ ಉದ್ದನೆಯ ಕೊಳವೆ ಕಾಣುತ್ತದಲ್ಲ, ಅದು ಆಯುಧ ಅಲ್ಲ. ವಿಮಾನ ಗಾಳಿಯಲ್ಲಿ ಒಂದೇ ಕಡೆ ನಿಂತಾಗ ರೆಕ್ಕೆ ಮತ್ತು ಬಾಲದ ಮೇಲೆ ಗಾಳಿ ಹರಿಯುವುದಿಲ್ಲ, ಹಾಗಾಗಿ ಅವು ಕೆಲಸ ಮಾಡುವುದಿಲ್ಲ. ಆಗ ಸಮತೋಲನ ಸಿಗುವುದು ಎಂಜಿನ್‌ನಿಂದ ತಂದ ಗಾಳಿಯನ್ನು ಮೂತಿ, ಬಾಲ, ರೆಕ್ಕೆಯ ತುದಿಗಳಿಂದ ಚಿಮ್ಮಿಸುವುದರಿಂದ. ಮೂತಿಯ ಗಾಳಿ ಎಷ್ಟು ದೂರದಿಂದ ಚಿಮ್ಮುತ್ತದೋ ಅಷ್ಟು ಹಿಡಿತ ಜಾಸ್ತಿ. ಅದಕ್ಕೇ ಆ ಕೊಳವೆ.

ಇದನ್ನು ಹಾರಿಸಿದವರು ಯೂರಿ ಗಾರ್ನಾಯೆವ್ ಮತ್ತು ವ್ಯಾಲೆಂಟಿನ್ ಮುಖಿನ್. ಗಾರ್ನಾಯೆವ್ ಅದಕ್ಕೂ ಮೊದಲು, 1957ರಲ್ಲಿ, ‘ಟುರ್ಬೊಲ್ಯೋತ್’ ಅನ್ನುವ ರೆಕ್ಕೆಯೇ ಇಲ್ಲದ, ಒಂದು ಜೆಟ್ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ ಕಾಲು ಹಚ್ಚಿದಂಥ ಯಂತ್ರವನ್ನೂ ಹಾರಿಸಿದ್ದವರು. ಯಾಕ್-36 ನೆಲ ಬಿಟ್ಟು ನೇರ ಮೇಲೇರಿದ್ದು 1963ರಲ್ಲಿ. ನಿಂತಲ್ಲಿಂದ ಎದ್ದು, ಸಾಮಾನ್ಯ ವಿಮಾನದ ಹಾಗೆ ಹಾರಿ, ಮತ್ತೆ ನಿಂತು ಇಳಿಯುವ ಪೂರ್ತಿ ಸುತ್ತು ಮುಗಿಸಿದ್ದು 1966ರ ಮಾರ್ಚ್‌ನಲ್ಲಿ. ನಡುವಿನ ಆ ವರ್ಷಗಳನ್ನು ಗಮನಿಸಿ. ಮೇಲೇರುವುದಕ್ಕಿಂತ ಕಷ್ಟ ಆ ಬದಲಾವಣೆಯ ಕ್ಷಣಗಳು. ನೆಲಕ್ಕೆ ಬಡಿದು ಮೇಲೆದ್ದ ಬಿಸಿ ಗಾಳಿಯನ್ನು ಎಂಜಿನ್ ಮತ್ತೆ ಒಳಕ್ಕೆ ಎಳೆದುಕೊಂಡರೆ ಶಕ್ತಿ ಕುಸಿಯುತ್ತದೆ, ನೆಲದ ಹತ್ತಿರ ಹಾಗಾದರೆ ಸರಿಮಾಡಿಕೊಳ್ಳಲು ಸಮಯವೇ ಇರುವುದಿಲ್ಲ.

1967ರ ಜುಲೈ 9ರಂದು ಮಾಸ್ಕೊ ಹತ್ತಿರದ ದೊಮೊದೆದೊವೊದಲ್ಲಿ ನಡೆದ ದೊಡ್ಡ ಪ್ರದರ್ಶನದಲ್ಲಿ ಇದನ್ನು ಎಲ್ಲರ ಮುಂದೆ ಹಾರಿಸಿದರು. ರೆಕ್ಕೆಯ ಕೆಳಗೆ ರಾಕೆಟ್ ಡಬ್ಬಗಳನ್ನೂ ತೂಗಿಹಾಕಿದ್ದರು. ನೋಡಿದ ಪಶ್ಚಿಮದವರಿಗೆ ಅದು ಯುದ್ಧವಿಮಾನದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅವರು ಅದಕ್ಕೆ ಫೈಟರ್ ಸಾಲಿನ ಹೆಸರು ಕೊಟ್ಟರು, ‘ಫ್ರೀಹ್ಯಾಂಡ್’. ಆದರೆ ಅದು ಬೆರಳೆಣಿಕೆಯ ಪ್ರಯೋಗ ವಿಮಾನವಾಗಿಯೇ ಮುಗಿಯಿತು. ಎಂಜಿನ್‌ಗಳ ಬಲವೆಲ್ಲ ತನ್ನನ್ನೇ ಎತ್ತಿಕೊಳ್ಳಲು ಸರಿಹೋಗುತ್ತಿತ್ತು, ಬಾಂಬು ಹೊತ್ತು ದೂರ ಹೋಗುವ ಮಾತೇ ಇರಲಿಲ್ಲ.

ಗೊಂದಲ ಶುರುವಾಗುವುದು ಇಲ್ಲಿಂದ. ನೌಕಾಪಡೆಗೆ ಬೇಕಾದ ನಿಜವಾದ ವಿಮಾನವನ್ನು ಯಾಕೊವ್ಲೆವ್‌ನವರು ಹೊಸದಾಗಿ ಶುರು ಮಾಡಿದರು. ಎಂಜಿನ್ ಮೂತಿಯಿಂದ ಹೊಟ್ಟೆಗೆ ಬಂತು, ಗಾಳಿ ಒಳಗೆ ಹೋಗುವ ದಾರಿ ಎರಡೂ ಪಕ್ಕಕ್ಕೆ ಬಂತು, ಪೈಲಟ್‌ನ ಬೆನ್ನ ಹಿಂದೆ, ವಿಮಾನವನ್ನು ಮೇಲೆತ್ತಲು ಮಾತ್ರ ಇರುವ ಎರಡು ಚಿಕ್ಕ ಲಿಫ್ಟ್ ಎಂಜಿನ್‌ಗಳು ನೆಟ್ಟಗೆ ಕೂತವು. ಹಳೆಯ ವಿಮಾನದ ಒಂದು ಭಾಗವೂ ಇದರಲ್ಲಿ ಗುರುತು ಸಿಗುವಂತೆ ಉಳಿದಿಲ್ಲ. ಆದರೂ ಇಟ್ಟ ಹೆಸರು ಯಾಕ್-36ಎಂ. ಎಂ ಅಂದರೆ ಸುಧಾರಿತ ಅಂತ ಎಲ್ಲರೂ ಓದಿಕೊಳ್ಳುವ ಅಕ್ಷರ, ಅಂದರೆ ಹಳೆಯದನ್ನೇ ಸ್ವಲ್ಪ ತಿದ್ದಿದ್ದೇವೆ ಅನ್ನುವ ಹಾಗೆ. ಸೋವಿಯತ್ ವಿಮಾನ ಲೋಕದಲ್ಲಿ ಇದೊಬ್ಬರದೇ ಕಥೆ ಅಲ್ಲ. ಟುಪೊಲೆವ್ ಸಂಸ್ಥೆಯ ಬಾಂಬರ್‌ಗಳಾದ ಟಿಯು-22 ಮತ್ತು ಟಿಯು-22ಎಂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಒಂದೇ ಮನೆತನ ಅಂತ ಯಾರೂ ಹೇಳಲಾರರು. ಹೊಸ ವಿಮಾನ ಅಂತ ಹೇಳಿ ದುಡ್ಡು ಕೇಳುವುದಕ್ಕಿಂತ ಹಳೆಯದರ ಸುಧಾರಣೆ ಅಂತ ಹೇಳುವುದು ಮಂಜೂರಾತಿಗೆ ಸುಲಭ, ನನ್ನ ಮಟ್ಟಿಗೆ ಇಂಥ ಹೆಸರುಗಳ ಹಿಂದಿನ ಮುಖ್ಯ ಕಾರಣ ಅದೇ. ಗುಪ್ತ ಗುರುತಿನಲ್ಲೂ ಅದೇ ಜಾಡು: ಹಳೆಯದಕ್ಕೆ ‘ವಿ’, ಹೊಸದಕ್ಕೆ ‘ವಿಎಂ’.

1972ರ ನವೆಂಬರ್ 18ರಂದು ಮಿಖಾಯಿಲ್ ದೆಕ್ಸ್‌ಬಾಖ್ ಈ ಯಾಕ್-36ಎಂ ಅನ್ನು ‘ಮಾಸ್ಕ್ವಾ’ ಹಡಗಿನ ಡೆಕ್ ಮೇಲೆ ಇಳಿಸಿದರು. ಅದು ಹೆಲಿಕಾಪ್ಟರ್‌ಗೆ ಅಂತ ಕಟ್ಟಿದ ಹಡಗು. 1976ರ ಜುಲೈನಲ್ಲಿ ‘ಕೀವ್’ ಹಡಗು ಕಪ್ಪು ಸಮುದ್ರದಿಂದ ಬಾಸ್ಫರಸ್ ದಾಟಿ ಮೆಡಿಟರೇನಿಯನ್‌ಗೆ ಬಂದಾಗ ಪಶ್ಚಿಮದ ನೌಕಾಪಡೆಗಳಿಗೆ ಆ ವಿಮಾನವನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ಅಡ್ಡಹೆಸರು ಫೋರ್ಜರ್ ಅಂತಾಯಿತು, ಸಂಖ್ಯೆ 36 ಅಂತಾಯಿತು. ಆ ಹೊತ್ತಿಗೆ ಅದು ಪೂರ್ತಿ ತಪ್ಪೂ ಅಲ್ಲ, ಯಾಕಂದರೆ ಒಳಗಿನ ಹೆಸರು ಇನ್ನೂ 36ಎಂ. ಮುಂದಿನ ವರ್ಷ, 1977ರ ಆಗಸ್ಟ್‌ನಲ್ಲಿ, ಸೋವಿಯತ್ ನೌಕಾಪಡೆ ಅದನ್ನು ಅಧಿಕೃತವಾಗಿ ಸೇರಿಸಿಕೊಂಡಿತು, ಹೆಸರು ಯಾಕ್-38 ಅಂತ ಬದಲಾಯಿತು. ಆದರೆ ಅದನ್ನು ಯಾರೂ ಡಂಗುರ ಸಾರಲಿಲ್ಲ. ಹಾಗಾಗಿ ಹೊರಗಿನ ಪುಸ್ತಕ, ಪತ್ರಿಕೆಗಳಲ್ಲಿ ‘ಯಾಕ್-36 ಫೋರ್ಜರ್’ ಅನ್ನುವುದು ಇನ್ನೂ ಕೆಲವು ವರ್ಷ ಹಾಗೇ ಮುಂದುವರಿಯಿತು. ನಿಮ್ಮ ಪುಸ್ತಕ ಆ ಕಾಲದ್ದು. ಎಸೆಯಬೇಡಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 38 ಅಂತ ಬರೆದಿಟ್ಟುಕೊಳ್ಳಿ ಸಾಕು.

ಎಂಜಿನ್ ಹೆಸರಿನಲ್ಲೂ ಎಡವಬೇಡಿ. ಯಾಕ್-38ರ ಮುಖ್ಯ ಎಂಜಿನ್ ಆರ್-27ವಿ-300. ಆರ್-27 ಅನ್ನುವ ಒಂದು ಕ್ಷಿಪಣಿಯೂ ಇದೆ, ಮಿಗ್-29 ಹೊತ್ತೊಯ್ಯುವಂಥದ್ದು. ಜಲಾಂತರ್ಗಾಮಿಯಿಂದ ಹಾರಿಸುವ ಇನ್ನೊಂದು ಆರ್-27 ಕ್ಷಿಪಣಿಯೂ ಇದೆ. ಮೂರಕ್ಕೂ ಏನೂ ಸಂಬಂಧವಿಲ್ಲ.

ಯಾಕ್-38 ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಈ ಮೂರರಲ್ಲಿ ಸಾಲಾಗಿ ತಯಾರಾಗಿ ಸೇವೆ ಮಾಡಿದ್ದು ಇದೊಂದೇ. ಸರಾಟೊವ್ ಕಾರ್ಖಾನೆಯಲ್ಲಿ ಒಟ್ಟು 231 ತಯಾರಾದವು. ನಿಂತಲ್ಲಿಂದ ಏರುವ ಇನ್ನೊಂದು ಜೆಟ್, ನಮ್ಮಲ್ಲಿ ಎಲ್ಲರಿಗೂ ಪರಿಚಯದ ಸೀ ಹ್ಯಾರಿಯರ್‌ಗೆ ಒಂದೇ ಎಂಜಿನ್, ಅದರ ಗಾಳಿ ನಾಲ್ಕು ನಾಜಲ್‌ಗಳಿಂದ ಬರುತ್ತದೆ. ಯಾಕ್-38ಕ್ಕೆ ಮೂರು ಎಂಜಿನ್. ಮುಖ್ಯ ಎಂಜಿನ್‌ನ ನೂಕು ಬಲ 6 ಟನ್‌ಗೂ ಸ್ವಲ್ಪ ಜಾಸ್ತಿ, ಅದರ ಎರಡು ನಾಜಲ್ ರೆಕ್ಕೆಯ ಹಿಂದೆ. ಮುಂದಿನ ಎರಡು ಲಿಫ್ಟ್ ಎಂಜಿನ್‌ಗಳು ಒಂದೊಂದೂ ಸುಮಾರು 3 ಟನ್. ಮೇಲೇರುವಾಗ, ಇಳಿಯುವಾಗ ಮೂರೂ ಒಟ್ಟಿಗೆ ಓಡಬೇಕು. ಉಳಿದ ಹಾರಾಟದಲ್ಲೆಲ್ಲ ಆ ಎರಡು ಲಿಫ್ಟ್ ಎಂಜಿನ್ ಬರೀ ಭಾರ. ಅವು ಜಾಗ ತಿನ್ನುತ್ತವೆ, ಆ ಜಾಗದಲ್ಲಿ ಇರಬೇಕಾಗಿದ್ದ ಇಂಧನ ಹೊರಗುಳಿಯುತ್ತದೆ, ದೂರ ಕಡಿಮೆಯಾಗುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿತ್ತು. ಲಿಫ್ಟ್ ಎಂಜಿನ್ ನಡುವೆ ನಿಂತರೆ ಮೂತಿ ದಡಕ್ಕನೆ ಕೆಳಕ್ಕೆ ಬೀಳುತ್ತದೆ. ಪೈಲಟ್ ಯೋಚಿಸಿ ಹಿಡಿಕೆ ಎಳೆಯುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೇ ವಿಮಾನ ಮಿತಿ ಮೀರಿ ವಾಲಿದರೆ ಪೈಲಟ್‌ನನ್ನು ಕೇಳದೆಯೇ ಸೀಟನ್ನು ಹೊರಕ್ಕೆ ಚಿಮ್ಮಿಸುವ ವ್ಯವಸ್ಥೆ ಹಾಕಿದರು. ಎಷ್ಟೋ ಜನ ಬದುಕಿದ್ದು ಅದರಿಂದ. ಎಲ್ಲರೂ ಬದುಕಲಿಲ್ಲ. 1980ರ ಸೆಪ್ಟೆಂಬರ್‌ನಲ್ಲಿ ‘ಮಿನ್ಸ್ಕ್’ ಹಡಗಿನಿಂದ ಸ್ವಲ್ಪ ಓಡಿ ಮೇಲೇರುವ ವಿಧಾನವನ್ನು ಪರೀಕ್ಷೆ ಮಾಡುತ್ತಿದ್ದಾಗ ಒಲೆಗ್ ಕೊನೊನೆಂಕೊ ತೀರಿಕೊಂಡರು. ಅವರು ಬುರಾನ್ ಅಂತರಿಕ್ಷ ವಿಮಾನಕ್ಕೆ ಆಯ್ಕೆಯಾಗಿದ್ದ ಪೈಲಟ್‌ಗಳಲ್ಲಿ ಒಬ್ಬರು. ಯಾಕ್-38 ಬಗ್ಗೆ ಸುಮ್ನೆ ‘ಕೆಲಸಕ್ಕೆ ಬಾರದ ವಿಮಾನ’ ಅಂತ ನಗುವವರನ್ನು ಕಂಡರೆ ನನಗೆ ಬೇಜಾರಾಗುವುದು ಇಂಥವರ ನೆನಪಿಂದ. ಅದರ ದೋಷಗಳು ನಿಜ. ಆದರೆ ಆ ದೇಶಕ್ಕೆ ಹಡಗಿನಿಂದ ಜೆಟ್ ಹಾರಿಸುವುದನ್ನು ಕಲಿಸಿದ್ದೂ ಅದೇ.

ಬಿಸಿ ಹವೆ ಅದಕ್ಕೆ ದೊಡ್ಡ ಶತ್ರು. ಬಿಸಿ ಗಾಳಿ ತೆಳು, ತೆಳು ಗಾಳಿಯಲ್ಲಿ ಎಂಜಿನ್‌ನ ಬಲ ಕಡಿಮೆ. ಉತ್ತರದ ಚಳಿ ಸಮುದ್ರದಲ್ಲಿ ಎತ್ತುವ ಭಾರವನ್ನು ಉಷ್ಣವಲಯದ ಸಮುದ್ರದಲ್ಲಿ ಎತ್ತುವುದಿಲ್ಲ. 1980ರ ವಸಂತದಲ್ಲಿ ನಾಲ್ಕು ಯಾಕ್-38ಗಳನ್ನು ಅಫ್ಘಾನಿಸ್ತಾನದ ಶಿಂದಂಡ್‌ಗೆ ಒಯ್ದು ಪರೀಕ್ಷೆ ಮಾಡಿದಾಗಲೂ ಬಿಸಿ ಮತ್ತು ಎತ್ತರ ಎರಡೂ ಸೇರಿ ಅದನ್ನು ಹೈರಾಣ ಮಾಡಿದವು. ಅದೇ ಹೊತ್ತಿಗೆ ಅಲ್ಲಿ ಪರೀಕ್ಷೆಗೆ ಬಂದ ಸುಖೊಯ್ ದಾಳಿ ವಿಮಾನ ಎಸ್‌ಯು-25 ಮುಂದೆ ಆ ಯುದ್ಧದ ಬೆನ್ನೆಲುಬಾಯಿತು, ಯಾಕ್-38 ಮತ್ತೆ ಆ ಕಡೆ ಹೋಗಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: ಯಾಕ್-38 ಫೈಟರ್ ಅಂತ. ಅದರಲ್ಲಿ ರಾಡಾರ್ ಇರಲಿಲ್ಲ. ಶಬ್ದದ ವೇಗವನ್ನೂ ಅದು ದಾಟುತ್ತಿರಲಿಲ್ಲ. ಕಣ್ಣಿಗೆ ಕಂಡ ಗುರಿಗೆ ಹೊಡೆಯಲು ಆರ್-60 ಎಂಬ ಚಿಕ್ಕ ಕ್ಷಿಪಣಿ ಇತ್ತು, ಅಷ್ಟೆ. ನೌಕಾಪಡೆಯ ಲೆಕ್ಕದಲ್ಲಿ ಅದು ದಾಳಿ ವಿಮಾನ, ಕ್ರೈಮಿಯಾದ ಸಾಕಿಯಲ್ಲಿದ್ದ ಅದರ ದಳದ ಹೆಸರಲ್ಲೂ ‘ದಾಳಿ’ ಅಂತಲೇ ಇತ್ತು. ಸೋವಿಯತ್ ಹಳೆಯ ರೂಢಿಯಲ್ಲಿ ಫೈಟರ್‌ಗೆ ಬೆಸ ಸಂಖ್ಯೆ, ಉಳಿದವಕ್ಕೆ ಸಮ ಸಂಖ್ಯೆ. ಎಲ್ಲ ಕಡೆ ಕಟ್ಟುನಿಟ್ಟಾಗಿ ನಡೆಯದಿದ್ದರೂ ಇಲ್ಲಿ ಸರಿಯಾಗಿ ಕೂರುತ್ತದೆ. 38 ದಾಳಿಗೆ, 41 ಫೈಟರ್.

ಉಳಿದ ಯಾಕ್-38 ಹೆಸರುಗಳನ್ನು ಬೇಗ ಮುಗಿಸೋಣ. ಯಾಕ್-38ಯು ಅಂದರೆ ಎರಡು ಸೀಟಿನ ತರಬೇತಿ ವಿಮಾನ, ನ್ಯಾಟೊ ಅದನ್ನು ಫೋರ್ಜರ್-ಬಿ ಅಂದಿತು, ಉದ್ದನೆಯ ಬಗ್ಗಿದ ಮೂತಿಯಿಂದ ಗುರುತಿಸಬಹುದು. ಯಾಕ್-38ಎಂ ಅಂದರೆ ಹೆಚ್ಚು ಬಲದ ಎಂಜಿನ್‌ಗಳಿದ್ದ, 1980ರ ದಶಕದಲ್ಲಿ ಬಂದ ರೂಪ. ಈ ಸಲ ಎಂ ಅಕ್ಷರ ಹೇಳಿದ್ದು ನಿಜ, ಅದು ಸುಧಾರಣೆಯೇ. ಯಾಕ್-39 ಅಂತ ಎಲ್ಲಾದರೂ ಕಂಡರೆ ಅದು ಕಾಗದದಲ್ಲೇ ಉಳಿದ ಯೋಜನೆ.

ಈಗ ಯಾಕ್-41. ಕೆಲಸ ಶುರುವಾಗಿದ್ದು 1975ರಲ್ಲಿ. ರಾಡಾರ್ ಇರುವ, ಶಬ್ದದ ವೇಗ ಮೀರುವ, ಹಡಗನ್ನು ಕಾಯುವ ನಿಜವಾದ ಫೈಟರ್ ಬೇಕಿತ್ತು. ಕೆಲಸ ಎಳೆದಾಡಿತು, ವಿನ್ಯಾಸ ಬದಲಾಯಿತು, ದಾಳಿಯನ್ನೂ ಮಾಡಬಲ್ಲ ಯಾಕ್-41ಎಂ ಆಯಿತು. ಗುಪ್ತ ಗುರುತು ‘ಇಜ್ದೆಲಿಯೆ 48’. ಅದಕ್ಕೇ ಹಾರಿದ ಎರಡು ವಿಮಾನಗಳಿಗೆ 48-2, 48-3 ಅಂತ ಸಂಖ್ಯೆ. 1987ರ ಮಾರ್ಚ್ 9ರಂದು ಆಂದ್ರೆಯ್ ಸಿನಿತ್ಸಿನ್ ಅದನ್ನು ಮೊದಲು ಹಾರಿಸಿದರು, ಮಾಮೂಲಿ ರನ್‌ವೇ ಮೇಲಿಂದ. ನಿಂತಲ್ಲಿಂದ ಎದ್ದು ಪೂರ್ತಿ ಹಾರಿ ಮತ್ತೆ ನಿಂತಲ್ಲೇ ಇಳಿದಿದ್ದು 1990ರ ಜೂನ್ 13ರಂದು.

ಹಾಗಾದರೆ 141 ಎಲ್ಲಿಂದ ಬಂತು? 1991ರ ಏಪ್ರಿಲ್‌ನಲ್ಲಿ ಸಿನಿತ್ಸಿನ್ ಈ ವಿಮಾನದಲ್ಲಿ ನೇರ ಮೇಲೇರುವ ಜೆಟ್‌ಗಳ ವರ್ಗದಲ್ಲಿ 12 ವಿಶ್ವದಾಖಲೆ ಮಾಡಿದರು. ದಾಖಲೆ ಅಂದಮೇಲೆ ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟಕ್ಕೆ ಅರ್ಜಿ ಹೋಗಬೇಕು, ಅರ್ಜಿಯಲ್ಲಿ ವಿಮಾನದ ಹೆಸರು ಬರೆಯಬೇಕು. ನಿಜವಾದ ಹೆಸರು ಗುಟ್ಟು. ಅದಕ್ಕೆ ಯಾಕ್-141 ಅಂತ ಹೊಸದೊಂದನ್ನು ಬರೆದರು. ಇದೂ ಸೋವಿಯತ್ ಹಳೆಯ ಅಭ್ಯಾಸ. ಮಿಗ್-25 ದಾಖಲೆ ಪುಸ್ತಕದಲ್ಲಿ ಇ-266, ದಾಖಲೆಗಾಗಿ ಹಗುರ ಮಾಡಿದ ಎಸ್‌ಯು-27 ಅಲ್ಲಿ ಪಿ-42. ಯಾಕ್-141 ವಿಷಯದಲ್ಲಿ ಆದ ಬದಲಾವಣೆ ಏನೆಂದರೆ, ದೇಶವೇ ಒಡೆಯುತ್ತಿದ್ದ ಆ ದಿನಗಳಲ್ಲಿ ಸಂಸ್ಥೆಗೆ ವಿದೇಶಿ ಗಿರಾಕಿ ಬೇಕಾಗಿತ್ತು, ಆಗ ಈ ಹೊಸ ಹೆಸರೇ ಮುಖವಾಯಿತು. 1992ರ ಫಾರ್ನ್‌ಬರೊ ಪ್ರದರ್ಶನಕ್ಕೆ ಹೋಗಿದ್ದೂ ಯಾಕ್-141 ಅಂತಲೇ. ಹೀಗಾಗಿ 41ಎಂ ಮತ್ತು 141 ಒಂದೇ ವಿಮಾನ, ನ್ಯಾಟೊ ಹೇಳುವ ಫ್ರೀಸ್ಟೈಲ್ ಕೂಡ ಅದೇ. ‘141 ಅನ್ನುವುದು 41ರ ಸುಧಾರಿತ ರೂಪ’ ಅಂತ ಓದಿದರೆ ನಂಬಬೇಡಿ.

‘ಶಬ್ದದ ವೇಗ ದಾಟಿದ ಮೊದಲ ವರ್ಟಿಕಲ್ ಟೇಕಾಫ್ ಜೆಟ್’ ಅನ್ನುವ ಮಾತೂ ಎಲ್ಲ ಕಡೆ ಓಡಾಡುತ್ತದೆ. ಅದೂ ಸರಿಯಲ್ಲ. ಜರ್ಮನಿಯ ವಿಜೆ 101ಸಿ 1964ರಲ್ಲೇ ದಾಟಿತ್ತು, ಫ್ರಾನ್ಸಿನ ಮಿರಾಜ್ ತ್ರೀ-ವಿ 1966ರಲ್ಲಿ ಶಬ್ದದ ಎರಡರಷ್ಟು ವೇಗ ಮುಟ್ಟಿತ್ತು. ಎರಡೂ ಪ್ರಯೋಗದಲ್ಲೇ ನಿಂತವು. ಯಾಕ್-41ಎಂ ಹೆಚ್ಚುಗಾರಿಕೆ ಬೇರೆ: ಗಂಟೆಗೆ 1,800 ಕಿ.ಮೀ. ವೇಗ, ಜೊತೆಗೆ ಆಫ್ಟರ್‌ಬರ್ನರ್ (ಹಿಂಬದಿಯಲ್ಲಿ ಹೆಚ್ಚುವರಿ ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ಉರಿಯುತ್ತಿರುವಾಗಲೇ ಕೆಳಕ್ಕೆ ತಿರುಗಬಲ್ಲ ಹಿಂದಿನ ನಾಜಲ್. ಅದರ ಎಂಜಿನ್ ಆರ್-79ವಿ-300ರ ಬಲ 15 ಟನ್ ಮೀರಿದ್ದು, ಅಷ್ಟು ಬೆಂಕಿಯನ್ನು ಬಗ್ಗಿಸುವುದು ಸಣ್ಣ ಕೆಲಸ ಅಲ್ಲ.

ನೀವು ಕಾರವಾರದವರು, ನಿಮಗೆ ಇದನ್ನು ಹೇಳಲೇಬೇಕು. ಈ ವಿಮಾನ ಹಡಗಿನ ಮೇಲೆ ಇಳಿದಿದ್ದು 1991ರ ಸೆಪ್ಟೆಂಬರ್ 26ರಂದು, ‘ಅಡ್ಮಿರಲ್ ಗೊರ್ಷ್‌ಕೋವ್’ ಮೇಲೆ. ಅದಕ್ಕೂ ಮೊದಲು ‘ಬಾಕು’ ಅಂತ ಹೆಸರಿದ್ದ, ಕೀವ್ ವರ್ಗದ ನಾಲ್ಕನೆಯ ಹಡಗು. ಅಕ್ಟೋಬರ್ 5ರಂದು ಅದೇ ಡೆಕ್ ಮೇಲೆ ವ್ಲಾದಿಮಿರ್ ಯಾಕಿಮೊವ್ ಇಳಿಸುವಾಗ ವಿಮಾನ ಜೋರಾಗಿ ಬಡಿದು, ಇಂಧನದ ಟ್ಯಾಂಕ್ ಒಡೆದು ಬೆಂಕಿ ಹತ್ತಿತು. ಅವರು ಸೀಟ್ ಚಿಮ್ಮಿಸಿಕೊಂಡು ಬದುಕಿದರು. ಅಷ್ಟರಲ್ಲಿ ದುಡ್ಡೂ ನಿಂತಿತ್ತು, ದೇಶವೂ ಇಲ್ಲವಾಗುತ್ತಿತ್ತು, ಯೋಜನೆ ಅಲ್ಲಿಗೆ ಮುಗಿಯಿತು. ಆ ಹಡಗೇ ಈಗಿನ ಐಎನ್‌ಎಸ್ ವಿಕ್ರಮಾದಿತ್ಯ. 2004ರಲ್ಲಿ ಒಪ್ಪಂದ, 2013ರ ನವೆಂಬರ್ 16ರಂದು ನಮ್ಮ ನೌಕಾಪಡೆಗೆ ಸೇರ್ಪಡೆ, ನೆಲೆ ನಿಮ್ಮೂರಿನ ಐಎನ್‌ಎಸ್ ಕದಂಬ. ಸೋವಿಯತ್ ಕಾಲದಲ್ಲಿ ಅದರ ಮುಂಭಾಗದ ತುಂಬ ಕ್ಷಿಪಣಿ ಕೊಳವೆಗಳಿದ್ದವು, ವಿಮಾನಕ್ಕೆ ಓಡಲು ಪಕ್ಕದ ಡೆಕ್ ಮಾತ್ರ. ಈಗ ಅವೆಲ್ಲ ಹೋಗಿ ಮೇಲಕ್ಕೆ ಬಾಗಿದ ಇಳಿಜಾರು ಬಂದಿದೆ, ಮಿಗ್-29ಕೆ ಓಡಿ ಹಾರುತ್ತದೆ. ನೇರ ಮೇಲೇರುವ ವಿಮಾನಕ್ಕೆ ಅಂತ ಹುಟ್ಟಿದ ಹಡಗು ಅದು.

ಎಫ್-35 ಪ್ರಶ್ನೆಗೆ ನನ್ನ ಉತ್ತರ: ನಕಲು ಅಲ್ಲ, ಸಂಬಂಧ ಇಲ್ಲ ಅಂತಲೂ ಅಲ್ಲ. 1990ರ ದಶಕದ ಮೊದಲ ವರ್ಷಗಳಲ್ಲಿ ಲಾಕ್‌ಹೀಡ್ ಕಂಪನಿ ಯಾಕೊವ್ಲೆವ್ ಜೊತೆ ಒಪ್ಪಂದ ಮಾಡಿಕೊಂಡು, ದುಡ್ಡು ಕೊಟ್ಟು, ಹಾರಾಟದ ಮಾಹಿತಿ ಪಡೆದದ್ದು ನಿಜ. ಎರಡರ ಹಿಂಬದಿಯ ನಾಜಲ್ ನೋಡಿದರೆ ಹೋಲಿಕೆಯೂ ಕಾಣುತ್ತದೆ, ಓರೆಯಾಗಿ ಕತ್ತರಿಸಿದ ಕೊಳವೆ ತುಂಡುಗಳು ಒಂದರ ಮೇಲೊಂದು ತಿರುಗಿ ಬಾಗುತ್ತವೆ. ಆದರೆ ಅಮೆರಿಕದ ಕಾನ್ವೇರ್ ಕಂಪನಿ 1970ರ ದಶಕದ ಶುರುವಿನಲ್ಲೇ ‘ಮಾಡೆಲ್ 200’ ಯೋಜನೆಯಲ್ಲಿ ಅಂಥದೇ ನಾಜಲ್ ಚಿತ್ರಿಸಿತ್ತು. ಮುಂಭಾಗವಂತೂ ಪೂರ್ತಿ ಬೇರೆ. ಯಾಕ್‌ನಲ್ಲಿ ಎರಡು ಪ್ರತ್ಯೇಕ ಲಿಫ್ಟ್ ಎಂಜಿನ್, ಎಫ್-35ಬಿಯಲ್ಲಿ ಮುಖ್ಯ ಎಂಜಿನ್‌ನಿಂದಲೇ ಶಾಫ್ಟ್ ಮೂಲಕ ತಿರುಗುವ ದೊಡ್ಡ ಫ್ಯಾನ್. ಫ್ಯಾನ್ ತಳ್ಳುವುದು ತಣ್ಣಗಿನ ಗಾಳಿ, ಆದ್ದರಿಂದ ಬಿಸಿ ಗಾಳಿ ಒಳಗೆ ನುಗ್ಗುವ ಆ ಹಳೆಯ ಕಾಟ ಬಹಳ ಕಡಿಮೆ. ಹಾರಿಸಿ ನೋಡಿದವರ ಅನುಭವವನ್ನು ದುಡ್ಡು ಕೊಟ್ಟು ಕೇಳಿ ತಿಳಿದುಕೊಂಡರು, ವಿನ್ಯಾಸವನ್ನು ತಾವೇ ಮಾಡಿದರು. ಯಾಕೊವ್ಲೆವ್ ಎಂಜಿನಿಯರ್‌ಗಳಿಗೆ ಸಲ್ಲಬೇಕಾದ ಗೌರವ ಅಷ್ಟರಲ್ಲೇ ಸಾಕಷ್ಟಿದೆ, ನಕಲಿನ ಕಥೆ ಬೇಕಾಗಿಲ್ಲ.

ಕೊನೆಗೆ ಆ ‘ಮಿಗ್’ ಫೋಟೊ. ತ್ರಿಕೋನ ರೆಕ್ಕೆ, ಪಕ್ಕದಲ್ಲಿ ಅರ್ಧವೃತ್ತದ ಗಾಳಿ ದಾರಿ, ಬೆನ್ನ ಮೇಲೆ ತೆರೆದ ಮುಚ್ಚಳ ಇದ್ದರೆ ಅದು 23-01, ಮಿಗ್-23ಪಿಡಿ ಅಂತಲೂ ಕರೆಯುತ್ತಾರೆ, ನ್ಯಾಟೊ ಹೆಸರು ಫೇಯ್ತ್‌ಲೆಸ್. ಇದು 1967ರ ಏಪ್ರಿಲ್ 3ರಂದು ಮೊದಲು ಹಾರಿತು, ಅದೇ ದೊಮೊದೆದೊವೊ ಪ್ರದರ್ಶನದಲ್ಲಿ ಯಾಕ್-36 ಜೊತೆ ಕಾಣಿಸಿಕೊಂಡಿತು. ಹಾಗಾಗಿ ಎರಡನ್ನೂ ಒಂದೇ ಗುಂಪಿಗೆ ಸೇರಿಸಿಬಿಡುತ್ತಾರೆ. ಆದರೆ ಇದು ನೇರ ಮೇಲೇರುವ ವಿಮಾನ ಅಲ್ಲ. ಹೊಟ್ಟೆಯಲ್ಲಿದ್ದ ಎರಡು ಆರ್‌ಡಿ-36-35 ಲಿಫ್ಟ್ ಎಂಜಿನ್‌ಗಳ ಕೆಲಸ ಬರೀ ಓಟದ ದೂರ ಕಡಿಮೆ ಮಾಡುವುದು, ಚಿಕ್ಕ ರನ್‌ವೇ ಸಾಕಾಗಲಿ ಅಂತ. ಅದೇ ದಿನ ಬಂದಿದ್ದ ಮಿಗ್-21ಪಿಡಿ ಮತ್ತು ಮೂರು ಲಿಫ್ಟ್ ಎಂಜಿನ್‌ನ ಸುಖೊಯ್ ಟಿ-58ವಿಡಿ ಕೂಡ ಇದೇ ಜಾತಿ. ಅದೇ ವರ್ಷ ಜೂನ್ 10ರಂದು ಹಾರಿದ 23-11 ಅನ್ನುವ ಇನ್ನೊಂದು ಮಾದರಿ, ರೆಕ್ಕೆ ಹಿಂದೆ ಮುಂದೆ ಸರಿಸುವಂಥದ್ದು, ಚಿಕ್ಕ ರನ್‌ವೇ ಪ್ರಶ್ನೆಯನ್ನು ಲಿಫ್ಟ್ ಎಂಜಿನ್ ಭಾರವಿಲ್ಲದೆ ಬಗೆಹರಿಸಿತು, ಜಗತ್ತು ಮಿಗ್-23 ಅಂತ ಗುರುತಿಸುವುದು ಅದನ್ನೇ. 23-01 ಒಂದೇ ಒಂದಾಗಿ ಉಳಿಯಿತು. ಅದರ ಲಿಫ್ಟ್ ಎಂಜಿನ್ ಮಾತ್ರ ಮುಂದೆ ಎಫ್‌ವಿ ಅನ್ನುವ ಬಾಲಂಗೋಚಿ ಸೇರಿಸಿಕೊಂಡು ಯಾಕ್-38ರ ಒಳಗೆ ಬಂದು ಕೂತಿತು.